ಜಾನುವಾರಿನ ಬಾಲ ಹಿಡಿದ ಕಥೆ

‘ಜಾನುವಾರು’ ಬಂದಿದ್ದು ಉರ್ದುವಿನ ‘ಜಾನ್ವರ್’ನಿಂದ ಅಂದಾಗ ನನ್ನ ಹಳೇ ಮೇಷ್ಟ್ರು ನಕ್ಕುಬಿಟ್ಟರು. ‘ಜಾನು ಅಂದ್ರೆ ಮೊಣಕಾಲು ಕಣಯ್ಯಾ. ಮೊಣಕಾಲೂರಿ ಮಲಗೋದೇ ಜಾನುವಾರು.’ ಅದನ್ನು ನಂಬಿ ಎರಡು ತಿಂಗಳು ಪದದ ಮೂಲದ ಬಗ್ಗೆ ಟಿಪ್ಪಣಿ ಚೀಟಿ ಬರೆದೆ. ಎಲ್ಲ ರದ್ದಿಗೆ ಹೋಯಿತು.

ಎರಡನೇ ಎಡವಟ್ಟು ನನ್ನದೇ. ಉರ್ದುವಿನಲ್ಲಿ ‘ಜಾನ್ವರ್’ಗೆ ಐದೇ ಅಕ್ಷರ: ಜೀಮ್, ಅಲಿಫ್, ನೂನ್, ವಾವ್, ರೇ. ‘ವ’ಕ್ಕೂ ‘ಓ’ಗೂ ಒಂದೇ ಆದ ಆ ವಾವನ್ನು ‘ಜಾನ್-ಓ-ಮಾಲ್’ (ಜೀವ ಮತ್ತು ಆಸ್ತಿ)ನಲ್ಲಿರೋ ‘ಓ’, ಅಂದರೆ ‘ಮತ್ತು’ ಅಂತ ಓದಿಕೊಂಡೆ. ಜೀವ ಮತ್ತು... ಮತ್ತೇನು? ಬರೀ ರೇ ಉಳಿಯಿತು! ಒಂದು ವಾರ ಹಾಳು. ಅಷ್ಟರಲ್ಲಿ ಪ್ಲಾಟ್ಸ್ ಅನ್ನುವವರ ಉರ್ದು-ಇಂಗ್ಲಿಷ್ ನಿಘಂಟಿನ ಹಳೇ ಪ್ರತಿಗೆ ಸುಮಾರು ಸಾವಿರದಿನ್ನೂರು ಸುರಿದಿದ್ದೆ. 1884ರ ಆ ನಿಘಂಟು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ಹೆಂಡತಿಗೆ ಇನ್ನೂ ಹೇಳಿಲ್ಲ.

ಕೊನೆಗೆ ಕೈಹಿಡಿದದ್ದು ಬಾಲ. ಪದದ ತಲೆ ಬಿಟ್ಟು, ‘ವರ್’ ಅಂತ ಮುಗಿಯುವ ಪದಗಳನ್ನು ಸಾಲಾಗಿ ಬರೆದೆ. ಒಂದಿಪ್ಪತ್ತು ಸಿಕ್ಕವು. ತಾಕತ್‌ವರ್, ತಾಕತ್ತು ಇರುವವನು. ತಾಜ್‌ವರ್, ಕಿರೀಟ ಇರುವವನು. ಹುನರ್‌ವರ್, ಕಸಬು ಬಲ್ಲವನು. ಪಾರಸಿಯ ಈ ‘ವರ್’ ಅಂದರೆ ‘ಉಳ್ಳ’. ಜಾನ್ ಇದ್ದದ್ದು ಜಾನ್ವರ್. ನಮ್ಮ ‘ಪ್ರಾಣಿ’ಯೂ ಹಾಗೇ ಅಲ್ವಾ, ಪ್ರಾಣ ಇರುವುದು! ಅರಬ್ಬಿಯಿಂದ ಉರ್ದುವಿಗೆ ಬಂದ ‘ಹೈವಾನ್’ ಕೂಡ ‘ಹಯಾತ್’, ಅಂದರೆ ಬದುಕು, ಅನ್ನೋದರ ಒಡಹುಟ್ಟು. ಕೊನೆಯ ‘ಉ’ ನಾವು ಅಂಟಿಸಿದ್ದು, ಬಜಾರ್ ಬಜಾರು ಆದ ಹಾಗೆ.

ಸುಮ್ನೆ ಇರಲಾರದೆ ಇನ್ನೊಂದು ಪರೀಕ್ಷೆ ಮಾಡಿದೆ. ಶಿವಾಜಿನಗರದ ಮಾಂಸದಂಗಡಿಯಲ್ಲಿ, ‘ಭಾಯ್, ನಾಯಿ ಜಾನ್ವರಾ?’ ಅಂದೆ. ‘ಹೌ, ಔರ್ ಕ್ಯಾ?’ ಹುಲಿ? ಅದೂ ಹೌ. ಅಷ್ಟರಲ್ಲಿ ಹುಡುಗ ತಕ್ಕಡಿ ಬೀಳಿಸಿದ. ‘ಜಾನ್ವರ್!’ ಅಂತ ಅವನಿಗೂ ಬಿತ್ತು. ಬೈಗುಳದ ಅರ್ಥವೂ ಪುಕ್ಕಟೆ ಸಿಕ್ಕಿತು. ಅದೇ ಪ್ರಶ್ನೆ ನಮ್ಮೂರ ದನದ ಸಂತೆಯಲ್ಲಿ ಕೇಳಿದರೆ, ‘ನಾಯಿ ಎಲ್ಲಾದ್ರೂ ಜಾನುವಾರಾ ಸಾಮಿ?’ ಅಂತ ನಗು. ಕನ್ನಡಕ್ಕೆ ಬಂದ ಮೇಲೆ ಪದ ಕೊಟ್ಟಿಗೆ ಸೇರಿಬಿಟ್ಟಿದೆ: ದನ, ಎಮ್ಮೆ, ಜಾಸ್ತಿ ಅಂದರೆ ಕುರಿ, ಮೇಕೆ. ಮರಾಠಿ ಹಳ್ಳಿಗಳಲ್ಲಿ ಹಾವಿನ ಹೆಸರು ಎತ್ತಲು ಹೆದರಿ ‘ಜನಾವರ್’ ಅನ್ನುವುದುಂಟು. ಅದರ ಬೆನ್ನು ಹತ್ತಿ ಇನ್ನೂ ಐನೂರು ಬಸ್ಸಿಗೆ ಹೋಯಿತು.

ಹಳೇ ಕಡತಗಳಲ್ಲಿ ಈ ಪದ ಯಾವ ಮೂಲೆಯಲ್ಲಿ ಅಡಗಿರುತ್ತದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಗುಟ್ಟು.

ಮೇಷ್ಟ್ರಿಗೆ ಬಾಲಗಳ ಪಟ್ಟಿ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಈಗ ಮನೆಪಾಠದಲ್ಲಿ ತಮ್ಮದೇ ಶೋಧ ಅಂತ ಹೇಳುತ್ತಾರಂತೆ. ಹೇಳಲಿ ಬಿಡಿ, ಅವತ್ತು ಕಾಫಿ ಅವರೇ ಕೊಡಿಸಿದ್ದರು.