ಹುಳುಮನೆಯ ಒಲೆಬಾಯಿ ಆಚೆ ತಿರುಗಿಸಿದ ಮೇಲೆ

ಶಿಡ್ಲಘಟ್ಟದ ಕಡೆ ಚಳಿಗಾಲದಲ್ಲಿ ರೇಷ್ಮೆ ಬೆಳೆ ಇಡುವವರಿಗೆ ಒಲೆಯಿಲ್ಲದೆ ಆಗಲ್ಲ. ಧನುರ್ಮಾಸದ ರಾತ್ರಿ 15 ಡಿಗ್ರಿಗೂ ಕೆಳಗಿಳಿಯುತ್ತೆ, ದೊಡ್ಡ ಹುಳುವಿಗೆ 24–25 ಬೇಕು. ಕರೆಂಟು ಹೀಟರ್ ನಂಬೋಕಾಗಲ್ಲ, ಇಜ್ಜಲಿನ ರೇಟು ಕೈಗೆ ಸಿಗಲ್ಲ. ಅದಕ್ಕೇ ಕಲ್ಲಿದ್ದಲಿಗೆ ಬಂದೆ. ಶಾಖ ಚೆನ್ನಾಗಿ ನಿಲ್ಲುತ್ತೆ, ಕಾಟವೆಲ್ಲ ಬೂದಿಯದು. ನಮ್ಮ ದೇಶದ ಕಲ್ಲಿದ್ದಲಲ್ಲಿ ನೂರಕ್ಕೆ ಮೂವತ್ತು, ನಲವತ್ತು ಪಾಲು ಬೂದಿಯೇ. ರಾತ್ರಿಗೆ 12–15 ಕೆಜಿ ಸುಟ್ಟರೆ ಬೆಳಗ್ಗೆ ಐದು ಕೆಜಿಯಷ್ಟು ಕೆದಕಿ ತೆಗೀಬೇಕು. ಆಗ ಎದ್ದ ಧೂಳು ಸೀದಾ ಸೊಪ್ಪಿನ ಮೇಲೆ ಕೂರುತ್ತೆ.

“ಸುಣ್ಣವನ್ನೇ ಉದುರಿಸ್ತೀವಲ್ಲಣ್ಣ, ಬೂದಿ ಏನ್ ಮಾಡ್ತದೆ?” ಅಂತ ಪಕ್ಕದ ತೋಟದವರು ಕೇಳ್ತಿದ್ದರು. ಸುಣ್ಣ ಹಾಕೋದು ಹುಳು ಜ್ವರಕ್ಕೆ ಕೂತಾಗ, ಅಂದ್ರೆ ಪೊರೆ ಬಿಡೋಕೆ ಮೇವು ನಿಲ್ಲಿಸಿ ಬಾಯಿ ಕಟ್ಟಿರುವಾಗ. ಬೂದಿ ಬೀಳೋದು ಮೇಯುವ ಹೊತ್ತಿನಲ್ಲಿ. ಬೂದಿ ಕೂತ ಸೊಪ್ಪನ್ನು ಹುಳು ಬಿಟ್ಟು ಸರಿಯೋದನ್ನು ನಾನೇ ಕಣ್ಣಾರೆ ಕಂಡಿದ್ದೀನಿ.

ಮೊದಲು ಬೂದಿಗೆ ನೀರು ಚಿಮುಕಿಸಿ ನೋಡಿದೆ. ಬಿಸಿ ಬೂದಿ ಹಬೆ ಜೊತೆ ಭುಸ್ಸಂತ ಎದ್ದು ಇನ್ನೂ ಹೆಚ್ಚು ಹರಡಿತು. ಆಮೇಲೆ ಒಲೆ ಸುತ್ತ ಒದ್ದೆ ಗೋಣಿ ಕಟ್ಟಿದೆ. ಧೂಳೇನೋ ಹಿಡಿಯಿತು, ಆದರೆ ಗಾಳಿಯ ತೇವ ನೂರಕ್ಕೆ 90 ದಾಟಿ ಹುಳುವಿಗೆ ಸುಣ್ಣಕಟ್ಟು ಅನ್ನೋ ಬೂಷ್ಟು ರೋಗ ಬಂತು. ಆ ಬೆಳೆಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ಹತ್ತಿರ ಹೋಯಿತು. ಮುಚ್ಚಳದ ಬೂದಿ ಡಬ್ಬಕ್ಕೆ, ತಗಡಿನ ತಡಿಕೆಗೆ ಸುರಿದ ದುಡ್ಡು ಬೇರೆ.

ಕೊನೆಗೆ ಹೊಳೆದದ್ದು ನಮ್ಮ ಬಚ್ಚಲುಮನೆ ಹಂಡೆ ಒಲೆ. ಹಂಡೆ ಒಳಗೆ, ಒಲೆಬಾಯಿ ಹೊರಗೆ. ಹುಳುಮನೆಗೂ ಹಾಗೇ ಮಾಡಿದೆ. ಹಳೇ ಡ್ರಮ್ಮನ್ನು ಗೋಡೆಯಲ್ಲಿ ಕೂರಿಸಿ, ಕಲ್ಲಿದ್ದಲು ಹಾಕುವ ಬಾಗಿಲು, ಬೂದಿ ಎಳೆಯುವ ಬಾಗಿಲು ಎರಡನ್ನೂ ಆಚೆಗಿಟ್ಟೆ. ಒಳಗಿರೋದು ಡ್ರಮ್ಮಿನ ಹೊಟ್ಟೆ, ಗೋಡೆಯುದ್ದಕ್ಕೂ ಓಡುವ ನಾಲ್ಕಿಂಚು ಪೈಪು ಅಷ್ಟೆ. ಹೊಗೆಯೂ ಪೈಪಿನಲ್ಲೇ ಸೂರು ದಾಟಿ ಹೋಗುತ್ತೆ. ಮುಚ್ಚಿದ ಮನೆಯಲ್ಲಿ ತೆರೆದ ಕೆಂಡವಿಟ್ಟು ಮಲಗಿದವರ ಜೀವವೇ ಹೋಗುತ್ತೆ, ಆ ಭಯ ಈಗ ತಗ್ಗಿದೆ. ಆದರೂ ಮೇಲಿನ ಗವಾಕ್ಷಿ ಮುಚ್ಚಲ್ಲ, ಒಳಗೆ ಯಾರನ್ನೂ ಮಲಗಿಸಲ್ಲ.

ಬಾಯಿ ಮೊದಲು ಪೂರ್ವಕ್ಕಿತ್ತು. ಚಳಿಗಾಲದ ಮೂಡಗಾಳಿ ಹೊಗೆಯನ್ನು ಜಾಯಿಂಟುಗಳಿಂದ ಒಳಗೇ ನೂಕಿತು. ಒಡೆದು ಪಡುವಣ ಗೋಡೆಗೆ ತಿರುಗಿಸಿದೆ, ಸರಿಹೋಯಿತು. ಡ್ರಮ್ಮಿನ ಪಕ್ಕದ ಪೈಪು ಜಿಐ (ಸತು ಬಳಿದ ಕಬ್ಬಿಣ) ಬೇಡ, ಕಾದರೆ ಸತುವಿನ ಹೊಗೆ ಏಳುತ್ತೆ. ಕರಿ ಕಬ್ಬಿಣದ್ದೇ ಹಾಕಿ. ಡ್ರಮ್ಮು 800, ಪೈಪು ಮೂರು ಸಾವಿರ ಚಿಲ್ಲರೆ, ವೆಲ್ಡಿಂಗು, ಗಾರೆ ಕೆಲಸ, ಎರಡನೇ ಸಲ ಒಡೆದು ಕಟ್ಟಿದ ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು. ಜಾಯಿಂಟಿಗೆ ಮೆತ್ತುವ ಮಣ್ಣಿನ ಪಾಕ, ಪೈಪು ಎಷ್ಟು ಏರಬೇಕೆಂಬ ಲೆಕ್ಕ ನನ್ನ ಹತ್ತಿರವೇ ಇರಲಿ. ಬಂದು ನೋಡಿದವರಿಗೆ ಹೇಳ್ತೀನಿ.

ಪರೀಕ್ಷೆಗೆ ಮಗಳ ಹಳೇ ಸ್ಲೇಟು ರ್‍ಯಾಕಿನ ಮೇಲಿಟ್ಟಿದ್ದೆ. ಮೊದಲೆಲ್ಲ ಬೆಳಗಾದರೆ ಅದರ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು, ಈಗ ಸ್ಲೇಟು ಕಪ್ಪಗೇ ಇರುತ್ತೆ. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ನಮ್ಮ ಲೆಕ್ಕಕ್ಕೆ ಒಂದು ಮೊಟ್ಟೆ) 55 ಕೆಜಿ ಗೂಡು ಕಾಣುತ್ತಿದ್ದವನು ಹೋದ ಚಳಿಗೆ 70ರ ಹತ್ತಿರ ಮಾರ್ಕೆಟ್ಟಿಗೆ ಹಾಕಿದೆ. ಶಾಖ ಒಂದೇ ಸಮ ನಿಂತಿದ್ದೂ ಅದಕ್ಕೆ ಸೇರಿದೆ. ಸುಣ್ಣದ ಮಾತಾಡಿದವರೇ ಈಗ ಡ್ರಮ್ಮು ಹುಡುಕುತ್ತಿದ್ದಾರೆ.

ಈ ಬೂದಿಯನ್ನು ಸೌದೆ ಬೂದಿ ಅಂದುಕೊಂಡು ಹಿಪ್ಪುನೇರಳೆ ತೋಟಕ್ಕೆ ಎರಚಬೇಡಿ. ನಾನು ಮನೆಯಿಂದ ದೂರ, ಗಾಳಿ ಹೋಗುವ ದಿಕ್ಕಿಗೆ ಗುಂಡಿ ತೋಡಿ, ಪೂರ್ತಿ ಆರಿದ ಮೇಲೆ ಸುರಿದು ಮಣ್ಣು ಮುಚ್ಚುತ್ತೀನಿ.