ಪಾರ್ಟಿಷನ್ ಎಲ್ಲಿಂದ ಶುರು? ಮಂಡಿ ಕಂಪ್ಯೂಟರ್‌ನಲ್ಲಿ ನನ್ನ ಅನುಭವ

ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಎಪಿಎಂಸಿ ಮಂಡಿಗಳೇ ಒಳ್ಳೆ ಗಿರಾಕಿ. ಟೊಮೆಟೊ ಸೀಸನ್ ಶುರುವಾದರೆ ಹರಾಜು ಮುಗಿದ ತಕ್ಷಣ ಬಿಲ್ ಮೇಲೆ ಬಿಲ್. 15 ಕೆ.ಜಿ. ಬಾಕ್ಸ್‌ಗಳ ಲೆಕ್ಕ, ರೈತರ ಖಾತೆ, ಲಾರಿ ಬಾಡಿಗೆ, ಹಮಾಲಿ, ಎಲ್ಲವೂ ಮೂಲೆಯಲ್ಲಿರುವ ಒಂದು ಹಳೇ ಮಷೀನ್‌ನಲ್ಲೇ ಇರುತ್ತದೆ. ಅಂಥ ಒಂದು ಮಂಡಿಯಿಂದ ಬಂದ ದೂರು ವಿಚಿತ್ರವಾಗಿತ್ತು. "ಹೊಸ ಹಾರ್ಡ್ ಡಿಸ್ಕ್ ಹಾಕ್ಸಿದ್ಮೇಲೆ ಮೊದಲಿಗಿಂತ ಸ್ಲೋ ಆಗಿದೆ ನೋಡಣ್ಣ. ಬಿಲ್ ಸೇವ್ ಮಾಡಿದ್ರೆ ಟೀ ಕುಡ್ಕೊಂಡು ಬರಬಹುದು."

ಹಳೇ ಡಿಸ್ಕನ್ನು ಯಾರೋ ಹೊಸ ಡಿಸ್ಕ್‌ಗೆ ಹಾಗೇ ಕ್ಲೋನ್ ಮಾಡಿಕೊಟ್ಟಿದ್ದರು. ವೈರಸ್ ಸ್ಕ್ಯಾನ್ ಆಗಿತ್ತು, ರ‍್ಯಾಮ್ ಕೂಡ ಹೆಚ್ಚಿಸಿದ್ದರು. ಡಿಸ್ಕ್ ಆರೋಗ್ಯವಾಗಿಯೇ ಇತ್ತು. ನಾನು ನೋಡಿದ್ದು ಒಂದೇ ಸಂಖ್ಯೆ. ವಿಂಡೋಸ್‌ನಲ್ಲಿ ಎಂಎಸ್‌ಇನ್ಫೋ32 ತೆರೆದು, ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್ ಅಂತ ಒಳಗೆ ಹೋದರೆ "ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್" ಎಂಬ ಸಾಲು ಸಿಗುತ್ತದೆ. ಪಾರ್ಟಿಷನ್ ಅಂದರೆ ಡಿಸ್ಕ್‌ನಲ್ಲಿ ಸಿ, ಡಿ ಅಂತ ಮಾಡುವ ಪಾಲು. ಆ ಪಾಲು ಡಿಸ್ಕ್‌ನ ಆರಂಭದಿಂದ ಎಷ್ಟು ದೂರದಲ್ಲಿ ಶುರುವಾಗುತ್ತದೆ ಅನ್ನುವುದೇ ಆಫ್‌ಸೆಟ್. ಅಲ್ಲಿ 32,256 ಬೈಟ್ ಅಂತ ಇತ್ತು. ಇದು ವಿಂಡೋಸ್ ಎಕ್ಸ್‌ಪಿ ಕಾಲದ ಸಹಿ. ಅಷ್ಟು ನೋಡಿದರೆ ಸಾಕು, ಕಾಯಿಲೆ ಏನು ಅಂತ ಗೊತ್ತಾಗಿಬಿಡುತ್ತದೆ.

ಹಳೇ ಡಿಸ್ಕ್‌ಗಳ ಲೆಕ್ಕದಲ್ಲಿ ಒಂದು ಟ್ರ್ಯಾಕ್‌ಗೆ 63 ಸೆಕ್ಟರ್. ಟ್ರ್ಯಾಕ್ ಅಂದರೆ ಡಿಸ್ಕ್ ತಟ್ಟೆಯ ಮೇಲಿನ ಒಂದು ಸುತ್ತು, ಸೆಕ್ಟರ್ ಅಂದರೆ ಆ ಸುತ್ತಿನ ಒಂದು ಚಿಕ್ಕ ತುಂಡು. ಮೊದಲ ಟ್ರ್ಯಾಕ್‌ನಲ್ಲಿ ಕಂಪ್ಯೂಟರ್ ಶುರುವಾಗಲು ಬೇಕಾದ ಬೂಟ್ ರೆಕಾರ್ಡ್ ಮಾತ್ರ ಇಟ್ಟು, ಮುಂದಿನ ಟ್ರ್ಯಾಕ್‌ನಿಂದ, ಅಂದರೆ (0ಯಿಂದ ಎಣಿಸಿದರೆ) 63ನೇ ಸೆಕ್ಟರ್‌ನಿಂದ, ಪಾರ್ಟಿಷನ್ ಶುರು ಮಾಡುತ್ತಿದ್ದರು. 63ನ್ನು 512 ಬೈಟ್‌ನಿಂದ ಗುಣಿಸಿದರೆ 32,256. ಸೆಕ್ಟರ್ 512 ಬೈಟ್ ಇದ್ದಾಗ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. 2011ರ ಹೊತ್ತಿಗೆ ಡಿಸ್ಕ್ ಕಂಪನಿಗಳು 4096 ಬೈಟ್ ಸೆಕ್ಟರ್‌ಗೆ ಬಂದವು. ಆದರೆ ಹಳೇ ಸಾಫ್ಟ್‌ವೇರ್ ಕೆಡಬಾರದು ಅಂತ ಡಿಸ್ಕ್ ಹೊರಗೆ ಈಗಲೂ "ನನ್ನದು 512" ಅಂತಲೇ ಹೇಳುತ್ತದೆ. ಒಳಗಿನ ಲೆಕ್ಕವೇ ಬೇರೆ.

32,256ನ್ನು 4096ರಿಂದ ಭಾಗಿಸಿ ನೋಡಿ. 7.875 ಬರುತ್ತದೆ, ಪೂರ್ಣ ಸಂಖ್ಯೆ ಅಲ್ಲ. ಅಲ್ಲೇ ಇರುವುದು ಗಂಟು. ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ಫೈಲ್ ಸಿಸ್ಟಮ್ ಕೂಡ ಸಾಮಾನ್ಯವಾಗಿ 4096 ಬೈಟ್‌ನ ತುಂಡುಗಳಲ್ಲೇ ಬರೆಯುತ್ತದೆ. ಶುರುವೇ ಸರಿಯಿಲ್ಲದಿದ್ದರೆ ಪ್ರತಿ ತುಂಡೂ ಎರಡು ಸೆಕ್ಟರ್‌ಗಳ ಮೇಲೆ ಕೂರುತ್ತದೆ. ಒಂದು ಬಾಕ್ಸ್ ಟೊಮೆಟೊವನ್ನು ಪಕ್ಕಪಕ್ಕದ ಎರಡು ಬಾಕ್ಸ್‌ಗೆ ಹಂಚಿಟ್ಟ ಹಾಗೆ. ಬದಲಾಯಿಸಬೇಕಾದರೆ ಎರಡನ್ನೂ ಬಿಚ್ಚಬೇಕು. ಡಿಸ್ಕ್ ಎರಡು ಸೆಕ್ಟರ್‌ಗಳನ್ನೂ ಓದಿ, ಒಳಗೆ ತಿದ್ದಿ, ಮತ್ತೆ ಬರೆಯಬೇಕು. ಈ ನಡುವೆ ಪ್ಲಾಟರ್, ಅಂದರೆ ಡಿಸ್ಕ್ ಒಳಗಿನ ತಟ್ಟೆ, ಒಂದು ಸುತ್ತು ತಿರುಗುವವರೆಗೆ ಕಾಯಲೂಬೇಕು. ದೊಡ್ಡ ಫೈಲ್ ಓದುವಾಗ ಇದು ಗೊತ್ತೇ ಆಗಲ್ಲ. ಹೊಡೆತ ಬೀಳುವುದು ಚಿಕ್ಕ ಚಿಕ್ಕ ಬರವಣಿಗೆಗೆ. ಮಂಡಿ ಬಿಲ್ಲಿಂಗ್ ಸಾಫ್ಟ್‌ವೇರ್ ಇಡೀ ದಿನ ಮಾಡುವುದು ಅದೇ ಅಲ್ವಾ?

ಆದರೆ ಆ ಮಷೀನ್‌ನಲ್ಲಿ ಇದ್ದದ್ದು ವಿಂಡೋಸ್ 7. ವಿಂಡೋಸ್ ವಿಸ್ಟಾದಿಂದ ಈಚೆಗೆ ಇನ್‌ಸ್ಟಾಲರ್ ತಾನೇ 1 ಎಂಬಿ ಗಡಿಯಿಂದ, ಅಂದರೆ 2048ನೇ ಸೆಕ್ಟರ್‌ನಿಂದ, ಪಾರ್ಟಿಷನ್ ಶುರು ಮಾಡುತ್ತದೆ. ಹಾಗಿದ್ದರೆ 63 ಎಲ್ಲಿಂದ ಬಂತು? ಹಿಂದೆ ಎಕ್ಸ್‌ಪಿ ಇದ್ದ ಸಿ ಡ್ರೈವನ್ನು ಸುಮ್ನೆ ಫಾರ್ಮ್ಯಾಟ್ ಮಾಡಿ ಅದರ ಮೇಲೆ 7 ಹಾಕಿದ್ದರು. ಫಾರ್ಮ್ಯಾಟ್ ಮಾಡಿದರೆ ಪಾರ್ಟಿಷನ್ ಒಳಗಿನದು ಖಾಲಿಯಾಗುತ್ತದೆ, ಅದು ಕೂತ ಜಾಗ ಕದಲುವುದಿಲ್ಲ. ಕ್ಲೋನ್ ಮಾಡಿದಾಗ ಅದೇ ಜಾಗ ಹೊಸ ಡಿಸ್ಕ್‌ಗೂ ಹೋಯಿತು. ನಮ್ಮ ಕಸುಬಿನವರಲ್ಲೇ ಇದು ಗೊತ್ತಿಲ್ಲದವರು ಜಾಸ್ತಿ. ಜಾಗ ಸರಿಯಾಗಬೇಕಾದರೆ ಪಾರ್ಟಿಷನ್ ಡಿಲೀಟ್ ಮಾಡಿ ಹೊಸದಾಗಿ ಮಾಡಬೇಕು.

ಜಿಪಾರ್ಟೆಡ್ ಎಂಬ ಪಾರ್ಟಿಷನ್ ಟೂಲ್‌ನಿಂದ ಇಡೀ ಪಾರ್ಟಿಷನ್ ಸರಿಸುವ ದಾರಿಯೂ ಇದೆ. "ಅಲೈನ್ ಟು" ಅನ್ನುವಲ್ಲಿ ಎಂಐಬಿ ಆರಿಸಬೇಕು, ಸಿಲಿಂಡರ್ ಅಲ್ಲ. ನಾನು ಆ ದಾರಿ ಹಿಡಿಯಲಿಲ್ಲ. ನೂರಾರು ಜಿಬಿ ಡೇಟಾ ಸರಿಯುವಾಗ ಮಧ್ಯೆ ಕರೆಂಟ್ ಹೋದರೆ ರೈತರ ಖಾತೆಗಳ ಗತಿಯೇನು? ಸರಿದ ಮೇಲೂ ವಿಂಡೋಸ್ ಬೂಟ್ ಆಗದೆ ರಿಪೇರಿ ಡಿಸ್ಕ್ ಹುಡುಕುವ ಪರಿಸ್ಥಿತಿ ಬರಬಹುದು. ಹೇಗೂ 7ನ್ನು ಬಿಟ್ಟು 10ಕ್ಕೆ ಹೋಗಬೇಕಿತ್ತು. ಹೊಸದಾಗಿ ಹಾಕೋಣ ಅಂದೆ.

ಹರಾಜು ಇಲ್ಲದ ಹೊತ್ತು ನೋಡಿ, ಡೇಟಾವನ್ನು ಎರಡು ಕಡೆ ಬ್ಯಾಕಪ್ ತೆಗೆದೆ. ಬ್ಯಾಕಪ್ ಡಿಸ್ಕ್‌ನ ಕೇಬಲ್ ಕಿತ್ತಿಟ್ಟೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಇನ್‌ಸ್ಟಾಲರ್‌ನ ಮೊದಲ ಪರದೆಯಲ್ಲಿ ಶಿಫ್ಟ್ ಎಫ್10 ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡಿದರೆ ವಿಂಡೋಸ್‌ನ ಪಾರ್ಟಿಷನ್ ಟೂಲ್ ತೆರೆಯುತ್ತದೆ. ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಆಮೇಲೆ ಕ್ಲೀನ್. ಕ್ಲೀನ್ "ಹೌದಾ, ಅಲ್ಲವಾ" ಅಂತ ಕೇಳುವುದಿಲ್ಲ. ತಪ್ಪು ಡಿಸ್ಕ್ ಆರಿಸಿದ್ದರೆ ಅದರ ಪಾರ್ಟಿಷನ್ ಟೇಬಲ್ ಹೋಯಿತು ಅಷ್ಟೇ. ಖಾಲಿ ಡಿಸ್ಕ್ ಆದ ಮೇಲೆ ಉಳಿದದ್ದನ್ನು ಇನ್‌ಸ್ಟಾಲರ್‌ಗೇ ಬಿಡಬಹುದು. ನನಗೆ ಕೈಯಾರೆ ಮಾಡುವ ಚಾಳಿ, ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ ಜೊತೆಗೆ ಅಲೈನ್=1024 ಅಂತ ಕೊಡುತ್ತೇನೆ. ಈ 1024 ಕೆಬಿ ಲೆಕ್ಕದ್ದು, ಅಂದರೆ 1 ಎಂಬಿ. ಮುಗಿದ ಮೇಲೆ ಸಿ ಒಂದನ್ನೇ ಅಲ್ಲ, ಡಿ, ಇ ಎಲ್ಲದರ ಆಫ್‌ಸೆಟ್ ನೋಡಿ. ಹಳೇ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಳಗಿನ ಡ್ರೈವ್‌ಗಳು ಪ್ರತಿಯೊಂದೂ ಬೇರೆ ಬೇರೆಯಾಗಿ ತಪ್ಪಿರಬಹುದು.

ಡೇಟಾ ವಾಪಸ್ ಹಾಕಿದ ಮೇಲೆ ಬಿಲ್ ಸೇವ್ ಆಗುವ ಹೊತ್ತಿಗೆ ಟೀ ಹೇಳುವಷ್ಟೂ ಸಮಯ ಉಳಿಯಲಿಲ್ಲ. ಡಿಸ್ಕ್ ಅದೇ, ಮಷೀನ್ ಅದೇ. ಹೊಸದಾಗಿ ಹಾಕಿದ್ದರಿಂದಲೂ ಸ್ವಲ್ಪ ಚುರುಕಾಗಿರುತ್ತದೆ, ಪೂರ್ತಿ ಶ್ರೇಯ ಅಲೈನ್‌ಮೆಂಟ್‌ಗೇ, ಅಂದರೆ ಪಾರ್ಟಿಷನ್ ಸರಿಯಾದ ಗಡಿಯಲ್ಲಿ ಕೂತದ್ದಕ್ಕೇ, ಕೊಡಲಾರೆ.

ಎಸ್‌ಎಸ್‌ಡಿಯಲ್ಲೂ ಇದೇ ನಿಯಮ. ಬಹಳಷ್ಟು ಎಸ್‌ಎಸ್‌ಡಿಗಳು ಭೌತಿಕ ಸೆಕ್ಟರ್ 512 ಅಂತಲೇ ತೋರಿಸುತ್ತವೆ, ಒಳಗೆ ಬರೆಯುವ ತುಂಡು, ಅಂದರೆ ಪೇಜ್, 4, 8 ಅಥವಾ 16 ಕೆಬಿ ಇರುತ್ತದೆ. ಅದು ಹೇಳುವುದನ್ನು ನಂಬಿ ಕೂರಬೇಡಿ. 1 ಎಂಬಿ ಇವೆಲ್ಲಕ್ಕೂ ಸರಿಯಾಗಿ ಭಾಗವಾಗುತ್ತದೆ. 64 ಅಥವಾ 256 ಕೆಬಿ ರೇಡ್ ಸ್ಟ್ರೈಪ್‌ಗೂ (ಹಲವು ಡಿಸ್ಕ್ ಸೇರಿಸಿ ಬಳಸುವಾಗ ಡೇಟಾ ಹಂಚುವ ತುಂಡಿಗೂ) ಆಗುತ್ತದೆ.

ಲಿನಕ್ಸ್‌ನವರಿಗೆ ಎಫ್‌ಡಿಸ್ಕ್ ಮೈನಸ್ ಎಲ್ ಕೊಟ್ಟರೆ ಸ್ಟಾರ್ಟ್ ಕಾಲಮ್ ಕಾಣುತ್ತದೆ. 2048ರಿಂದ ಭಾಗವಾದರೆ ಚಿಂತೆಯಿಲ್ಲ. ಈಗಿನ ಇನ್‌ಸ್ಟಾಲರ್‌ಗಳಲ್ಲಿ ಇದು ತಾನಾಗಿಯೇ ಸರಿ ಇರುತ್ತದೆ. ಕೈ ಕೊಡುವುದು ಯುಎಸ್‌ಬಿ ಕೇಸ್‌ಗಳು, ಅಂದರೆ ಡಿಸ್ಕನ್ನು ಒಳಗಿಟ್ಟು ಹೊರಗಿನಿಂದ ಜೋಡಿಸುವ ಡಬ್ಬಿಗಳು. ಕೆಲವು ಕೇಸ್‌ಗಳ ಚಿಪ್ "ಆಪ್ಟಿಮಲ್ ಐಒ ಸೈಜ್" (ಒಂದು ಸಲಕ್ಕೆ ಓದಿ ಬರೆಯಲು ಒಳ್ಳೆಯ ಗಾತ್ರ) 3,35,53,920 ಬೈಟ್ ಅಂತ ಹೇಳುತ್ತದೆ. ಟೂಲ್ ಅದನ್ನು ನಂಬಿ 65,535ನೇ ಸೆಕ್ಟರ್‌ನಿಂದ ಪಾರ್ಟಿಷನ್ ಮಾಡುತ್ತದೆ. ಎಂಟು 512 ಬೈಟ್ ಸೆಕ್ಟರ್ ಸೇರಿದರೆ 4096, ಆದರೆ ಅದು 8ರಿಂದ ಭಾಗವಾಗದ ಸಂಖ್ಯೆ, ಮತ್ತೆ 63ರದ್ದೇ ಕಥೆ. ಹೊರಗಿನ ಬ್ಯಾಕಪ್ ಡಿಸ್ಕ್ ಮಾಡುವಾಗ ಶುರುವಿನ ಸೆಕ್ಟರ್ 2048 ಅಂತ ಕೈಯಾರೆ ಟೈಪ್ ಮಾಡಿಬಿಡಿ. ದೊಡ್ಡ ಡಿಸ್ಕ್ ಆದರೆ ಅದು ಕೊನೆಗೆ ಯಾವ ಕೇಸ್ ಅಥವಾ ಮಷೀನ್‌ನಲ್ಲಿ ಕೂರುತ್ತದೋ ಅದರಲ್ಲೇ ಇಟ್ಟು ಪಾರ್ಟಿಷನ್ ಮಾಡಿ. ಕೆಲವು ಕೇಸ್‌ಗಳು ಸೆಕ್ಟರ್ ಗಾತ್ರವನ್ನೇ 4096 ಅಂತ ಬದಲಿಸಿ ತೋರಿಸುತ್ತವೆ. ಆಮೇಲೆ ಆ ಡಿಸ್ಕನ್ನು ಬಿಚ್ಚಿ ಮಷೀನ್ ಒಳಗಿನ ಸಾಟಾ ಕೇಬಲ್‌ಗೆ ನೇರ ಹಾಕಿದರೆ ಪಾರ್ಟಿಷನ್ನೇ ಕಾಣುವುದಿಲ್ಲ.