ಗಾರ್ಮೆಂಟ್ಸ್ ಹೆಂಗಸರು ಸೈಕಲ್ ಹತ್ತಿದ್ದು ಹೀಗೆ: ನನ್ನ ಅನುಭವ

ಮಂಡ್ಯ ಸೀಮೆಯ ಯಾವ ಊರಿಗೆ ಹೋದರೂ ಕೊಟ್ಟಿಗೆ ಗೋಡೆಗೆ ಒರಗಿಸಿದ ತುಕ್ಕು ಸೈಕಲ್ ಕಾಣುತ್ತದೆ. 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡುತ್ತಿತ್ತಲ್ಲ, ಅವೇ ಜಾಸ್ತಿ. ಫ್ರೇಮ್ ಗಟ್ಟಿ ಇರುತ್ತದೆ, ಹೋಗಿರುವುದು ಟೈರು, ಬೇರಿಂಗು, ಬ್ರೇಕು. ಅಂಥವನ್ನು 500-600ಕ್ಕೆ ಕೊಂಡು, ಸಾವಿರದ ಆಸುಪಾಸು ಸಾಮಾನು ಹಾಕಿ, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಗೆ ವಾರಕ್ಕೆ ನೂರರ ಕಂತಿನಲ್ಲಿ ಕೊಡುತ್ತೇನೆ ಎಂದಾಗ ಅಂಗಡಿ ಸಾಲಿನವರೆಲ್ಲ ನಕ್ಕರು. "ಎಲ್ರೂ ಸ್ಕೂಟಿಗೆ ಸಾಲ ಮಾಡ್ತಾವ್ರೆ, ನಿನ್ ಸೈಕಲ್ ಯಾರಿಗ್ ಬೇಕು?"

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಕೊಟ್ಟಿದ್ದರಲ್ಲಿ ಅರ್ಧ ವಾಪಸ್ ಬಂತು, ಹದಿನೈದು ಸಾವಿರದಷ್ಟು ಕೈಬಿಟ್ಟಿತು. ಬೆಲೆ ಜಾಸ್ತಿ ಅಂತ ಒಬ್ಬರೂ ಹೇಳಲಿಲ್ಲ. ಬೆಳಿಗ್ಗೆ ಜಾಲಿ ಮುಳ್ಳು ಚುಚ್ಚಿದರೆ ಫ್ಯಾಕ್ಟರಿ ಗೇಟ್ ಮುಚ್ಚಿರುತ್ತದೆ, ಅರ್ಧ ದಿನದ ಸಂಬಳ ಹೋಯಿತು. ಎರಡು ಸಲ ಹೀಗಾದರೆ ಮುಗೀತು, ತಿಂಗಳಿಗೆ ಸಾವಿರ ಹೋದರೂ ವ್ಯಾನೇ ವಾಸಿ ಅನ್ನುತ್ತಾರೆ.

ಗಾಳಿ ಬೇಡದ ಗಟ್ಟಿ ಟೈರ್ ಹಾಕಿ ನೋಡಿದೆ. ಪಂಕ್ಚರ್ ನಿಂತಿತು, ಆದರೆ ಕಬ್ಬಿನ ಗಾಡಿಗೆ ದಾರಿ ಬಿಡಲು ರಸ್ತೆಯಿಂದ ಕೆಳಗಿಳಿಸಿದಾಗಲೆಲ್ಲ ಸ್ಪೋಕ್ ಮುರಿಯತೊಡಗಿದವು. ಬಿಟ್ಟೆ. ಆಮೇಲೆ ಮುಳ್ಳು ಟ್ಯೂಬಿಗೆ ತಾಗದಿರಲಿ ಅಂತ ಸವೆದ ಹಳೇ ಟೈರನ್ನೇ ಸೀಳಿ, ಟೈರಿಗೂ ಟ್ಯೂಬಿಗೂ ನಡುವೆ ಪಟ್ಟಿ ಕೊಟ್ಟೆ. ಇದು ಸೈಕಲ್ ರಿಪೇರಿಯವರಿಗೆಲ್ಲ ಗೊತ್ತಿರೋದೇ, ಪಟ್ಟಿಯ ಅಂಚೇ ಉಜ್ಜಿ ಟ್ಯೂಬನ್ನು ತಿನ್ನುತ್ತೆ ಅನ್ನೋದೂ ಗೊತ್ತು. ಆ ಅಂಚಿಗೆ ನಾನೇನು ಮಾಡುತ್ತೇನೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು!

ಕೈಹಿಡಿದದ್ದು ಬದಲಿ ಸೈಕಲ್. ದಾರಿಯ ಮೂರ್ನಾಲ್ಕು ಟೀ ಅಂಗಡಿಗಳಲ್ಲಿ ಒಂದೊಂದು ಇಟ್ಟೆ, ಅಂಗಡಿಯವರಿಗೆ ತಿಂಗಳಿಗೆ 200. ಕೆಟ್ಟದ್ದನ್ನು ಅಲ್ಲೇ ಬಿಟ್ಟು ಬದಲಿ ಹತ್ತಿ ಹೋದರಾಯಿತು, ಸಂಜೆಗೆ ರಿಪೇರಿ ಆಗಿರುತ್ತದೆ. ಕಂತು ತಪ್ಪುವುದು ಅಲ್ಲಿಗೆ ಹೆಚ್ಚುಕಡಿಮೆ ನಿಂತೇ ಹೋಯಿತು.

ನಾಲೆ ಏರಿ ಹತ್ತುವಾಗ ಎಲ್ಲರೂ ಇಳಿದು ತಳ್ಳುತ್ತಿದ್ದರು. ಹಿಂದಿನ ಚಕ್ರದಲ್ಲಿ ಚೈನ್ ಕೂರುವ 18 ಹಲ್ಲಿನ ಫ್ರೀವೀಲ್ ತೆಗೆದು 22ರದ್ದು ಹಾಕಿ, ಚೈನಿಗೆ ಎರಡು ಕೊಂಡಿ ಸೇರಿಸಿದೆ. ಏರು ಹತ್ತುವುದು ಹಗುರಾಯಿತು, ಆದರೆ ಮಟ್ಟಸ ರಸ್ತೆಯಲ್ಲಿ "ಕಾಲು ಸುಮ್ನೆ ತಿರುಗುತ್ತೆ ಕಣಣ್ಣ" ಅಂತ ಗೊಣಗಿದರು. ಹಳೇದೇ ಹಾಕಿಕೊಡಲಾ ಅಂದರೆ ಯಾರೂ ಒಪ್ಪಲಿಲ್ಲ.

ಈಗ ಎಪ್ಪತ್ತು ಚಿಲ್ಲರೆ ಸೈಕಲ್ ಓಡುತ್ತಿವೆ. ಬದಲಿ ಸೈಕಲ್, ಟೀ ಅಂಗಡಿ ಖರ್ಚೆಲ್ಲ ಕಳೆದು ಒಂದಕ್ಕೆ ನಾನೂರು, ಐನೂರು ಉಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದ ಮೇಲೆ ಹೊಸದೇ ಕೊಡಿ ಅನ್ನುವವರೂ ಇದ್ದಾರೆ. ಹೊಸದಾದರೆ ವಾರದ ಕಂತು ಇನ್ನೂರೈವತ್ತು ಮಾಡಬೇಕಾಗುತ್ತದೆ. ಇಬ್ಬರಿಗೆ ಕೊಟ್ಟು ನೋಡುತ್ತಿದ್ದೇನೆ.